ಅಂಗಾತ

"ತಲಿ ಹಿಡೀರಿ, ತಲಿ! ನೆಟ್ಟಗಿರಲಿ!"

ಸಂಗಮನಾಥ ಪ್ರಥಮ ಚಿಕಿತ್ಸೆಯ ಕೆಂಪು ಚೀಲ ಹಿಡಿದು ಪಡಸಾಲೆಗೆ ಕಾಲಿಡುವಷ್ಟರಲ್ಲಿ ಅಯ್ಯಣ್ಣನವರನ್ನು ಕೂಡಿಸಿಯಾಗಿತ್ತು. ಗೋಡೆಗೆ ಬೆನ್ನು, ಮಡಚಿದ ಕಾಲು, ತೊಡೆಯ ಮೇಲೆ ಕೈ. ಹಣೆಯ ವಿಭೂತಿ ಇನ್ನೂ ಹಸಿಯಾಗಿತ್ತು. ಅಳಿಯನೊಬ್ಬ ಪಕ್ಕದಲ್ಲಿ ಮಂಡಿಯೂರಿ ತಲೆಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಿದ್ದ. ಕೈ ಸ್ವಲ್ಪ ಸಡಿಲಾದರೆ ಗದ್ದ ಎದೆಗೆ ಬೀಳುತ್ತಿತ್ತು.

ಸಂಗಮನಾಥನ ಜನರಲ್ಲಿ ಸತ್ತವರನ್ನು ಮಲಗಿಸುವುದಿಲ್ಲ. ಕೂಡಿಸುತ್ತಾರೆ, ಕೂತಂತೆಯೇ ಮಣ್ಣು ಮಾಡುತ್ತಾರೆ. ಮೈ ಸೆಟೆದ ಮೇಲೆ ಕಾಲು ಮಡಚುವುದಿಲ್ಲವಲ್ಲ, ಅದಕ್ಕೇ ಎಲ್ಲ ಮನೆಗಳಲ್ಲೂ ಅವಸರ. ಈ ಮನೆಯಲ್ಲಿ ಅವಸರ ಒಂದು ಹೆಜ್ಜೆ ಮುಂದೆ ಹೋಗಿತ್ತು. ಮನುಷ್ಯ ಸತ್ತಿದ್ದಾನೋ ಇಲ್ಲವೋ ಎಂದು ಯಾರೂ ನೋಡಿರಲಿಲ್ಲ.

ಅಡುಗೆಮನೆಯ ಬಾಗಿಲಲ್ಲಿ ಚಂದಮ್ಮ ನಿಂತಿದ್ದಳು. ಸೊಸೆ. ಸ್ವಲ್ಪ ಹೊತ್ತಿನ ಹಿಂದೆ ಫೋನು ಮಾಡಿದವಳು ಇವಳೇ. ತಲೆಗೂದಲು ಬಿಚ್ಚಿತ್ತು, ಒಂದು ಕೈ ಬಳೆ ಒಡೆದು ಮುಂಗೈಯಲ್ಲಿ ರಕ್ತ ಕಾಣುತ್ತಿತ್ತು. ಎರಡೂ ಅಂಗೈಗಳನ್ನು ಒಂದರ ಮೇಲೊಂದಿಟ್ಟು ಬೆರಳು ಹೆಣೆದುಕೊಂಡಿದ್ದಳು. ಶ್ರಾವಣದಲ್ಲಿ ಸ್ವಸಹಾಯ ಸಂಘದ ಹೆಂಗಸರಿಗೆ ಸಂಗಮನಾಥ ನಿಂತ ಎದೆ ಒತ್ತುವುದನ್ನು ಕಲಿಸಿಕೊಟ್ಟ ಹಾಗೆಯೇ.

"ಸರ, ನಾ ಮಲಗಿಸಿದ್ನಿರಿ. ಗುಡ್ಡದಂಗ ಅಂಗಾತ ಮಲಗಿಸಿದ್ನಿ. ಒತ್ತಾಕತ್ತಿದ್ನಿ. ಇವ್ರು ನನ್ನ ಜಗ್ಗಿ ಒಗದ್ರು."

"ಬಾಯಿ ಮುಚ್ಚು!" ಅಯ್ಯಣ್ಣನವರ ಅಕ್ಕ ದೇವಕಮ್ಮ ಕೂತಲ್ಲಿಂದ ಸಿಡಿದೆದ್ದಳು. "ಮಾವನ ಎದಿ ಮ್ಯಾಲ ಕೈ ಇಡಾಕಿ ನೀ ಎಂಥಾ ಹೆಣ್ಣು? ಎಲುಬು ಲಟಕ್ ಅಂತು. ಎಲ್ಲಾರೂ ಕೇಳ್ಯಾರ."

ಎಲುಬು ಲಟಕ್ಕೆಂದಿದ್ದರೆ ಸರಿಯಾಗಿ ಒತ್ತಿದ್ದಾಳೆಂದೇ ಅರ್ಥ. ಹೀಗೆಂದು ಪ್ರತಿ ತರಬೇತಿಯಲ್ಲೂ ಹೇಳುತ್ತಿದ್ದವನು ಸಂಗಮನಾಥನೇ. ಮುರಿದ ಎಲುಬು ಕೂಡುತ್ತದೆ, ಕೈ ಮಾತ್ರ ತೆಗೆಯಬೇಡಿ. ಅನುಮಾನ ಬಂದರೆ ಒತ್ತಿರಿ. ಆಮೇಲೆ ಕಿಟಕಿಯಾಚೆ ಬೆರಳು ತೋರಿಸುತ್ತಿದ್ದ. ಶಹಾಪುರದ ಆ ಗುಡ್ಡ ಬುದ್ಧ ಮಲಗಿದಂತಿದೆಯೆಂದು ದೂರದೂರಿನವರು ಬಂದು ಫೋಟೋ ತೆಗೆದುಕೊಂಡು ಹೋಗುತ್ತಾರೆ. "ಹಂಗ ಮಲಗಸ್ರಿ. ಅಂಗಾತ. ಎದಿ ಮ್ಯಾಲ, ಮುಖ ಆಕಾಶಕ್ಕ." ಹೆಂಗಸರು ನಗುತ್ತಿದ್ದರು. ನಕ್ಕವರಲ್ಲಿ ಒಬ್ಬಳು ಅದನ್ನು ನೆನಪಿಟ್ಟುಕೊಂಡಳು, ನೋಡಿ.

ಅವನು ಅಯ್ಯಣ್ಣನವರ ಮುಂದೆ ಕೂತ. ಮೂಗಿನ ಹತ್ತಿರ ಕೆನ್ನೆ ತಂದ. ಉಸಿರಿಲ್ಲ. ಎರಡು ಬೆರಳು ಕುತ್ತಿಗೆಯ ಪಕ್ಕಕ್ಕೆ ಒತ್ತಿದ.

ಏನೋ ಇತ್ತು.

ಬಹಳ ಸಣ್ಣದು. ಒಮ್ಮೆ. ಕಾದ. ಮತ್ತೊಮ್ಮೆ. ಅವನು ಓಣಿಯ ತುದಿಯಿಂದ ಓಡಿಕೊಂಡೇ ಬಂದಿದ್ದ. ಓಡಿ ಬಂದವನ ನಾಡಿ ಅವನ ಬೆರಳ ತುದಿಯಲ್ಲೇ ಬಡಿಯುತ್ತದೆ, ಅದನ್ನೇ ರೋಗಿಯದೆಂದು ತಿಳಿಯಬೇಡಿ ಎಂದು ತರಬೇತಿಯ ಪುಸ್ತಕದಲ್ಲಿದೆ. ಪುಸ್ತಕ ಅವನಿಗೆ ಸರಿಯಾದ ಹೊತ್ತಿಗೆ ನೆನಪಾಯಿತು. ಯಾರದಾದರೇನು, ಉಸಿರಂತೂ ಇಲ್ಲ, ಅನುಮಾನ ಬಂದರೆ ಒತ್ತು ಎಂಬುದೂ ಅದೇ ಪುಸ್ತಕದಲ್ಲಿತ್ತು. ಅದೂ ನೆನಪಾಯಿತು.

"ಏನೋ ಸಂಗಣ್ಣ," ದೇವಕಮ್ಮ ದನಿ ಇಳಿಸಿದಳು. "ನೀ ನಮ್ಮವ. ನಿನಗೂ ಹೇಳಬೇಕೇನು? ಇಬತ್ತಿ ಹಚ್ಚ್ಯಾದ. ಇಬತ್ತಿ ಹಚ್ಚಿದವ್ರನ್ನ ಕೆಡವಿ ಎದಿ ತುಳೀತೀಯೇನು?"

ಪಡಸಾಲೆಯ ತುಂಬ ಕಣ್ಣುಗಳು. ಚಂದಮ್ಮನವೂ ಇದ್ದವು. ಬರೀ ಭುಜ ಹಿಡಿದು ಎಳೆದರೆ ಸಾಕಿತ್ತು, ಮುದುಕ ಚಾಪೆಯ ಮೇಲೆ ಅಂಗಾತ ಬೀಳುತ್ತಿದ್ದ. ಸಂಗಮನಾಥ ಅಳಿಯನ ಕೈಯನ್ನೂ ಆ ತಲೆಯನ್ನೂ ನೋಡಿದ.

"ಹೋಗ್ಯಾರ," ಅಂದ.

ಅಳು ಒಮ್ಮೆಲೇ ಎದ್ದಿತು. ಅವನ ಬೆರಳು ಇನ್ನೂ ಆ ಕುತ್ತಿಗೆಯ ಮೇಲಿತ್ತು. ತೆಗೆದು ಅಂಗಿಗೆ ಒರೆಸಿಕೊಂಡ.

ಹೊರಗೆ ಓಣಿಯ ತುದಿಯಲ್ಲಿ ಅಯಾಜ್ ಸ್ಕೂಟರಿಗೆ ಒರಗಿ ನಿಂತಿದ್ದ. ಬಸ್‌ಸ್ಟ್ಯಾಂಡ್ ಹತ್ತಿರ ಟೈರಿನ ಅಂಗಡಿ ಅವನದು. ಆಪತ್ತಿಗೆ ಓಡುವ ಸ್ವಯಂಸೇವಕರ ತಂಡದಲ್ಲಿ ಸಂಗಮನಾಥನ ಜೋಡಿ. ಒಳಗೆ ಬರಬೇಡ ಎಂದು ಅವನಿಗೆ ಯಾರೂ ಹೇಳಿರಲಿಲ್ಲ, ಬಾ ಎಂದೂ ಹೇಳಿರಲಿಲ್ಲ.

"ಏನಾಯ್ತ್ರಿ ಸರ?"

"ಲೇಟಾಯ್ತು."

"ಜಲ್ದಿನೇ ಬಂದೀವಲ್ರಿ."

"ಲೇಟಾಯ್ತು ಅಂದೆನಲ್ಲ."

ಓಣಿಯ ಬಾಯಿಗೆ ಆಂಬುಲೆನ್ಸ್ ಬಂದು ನಿಂತಿತು. ಅಳು ಕೇಳಿ ಚಾಲಕ ಇಳಿಯಲೂ ಇಲ್ಲ. ಕೈಯಾಡಿಸಿ ಕೇಳಿದ, ಸಂಗಮನಾಥ ಕೈಯಾಡಿಸಿ ಹೇಳಿದ, ಗಾಡಿ ಹಿಂದೆ ಹಿಂದೆ ಸರಿದು ಹೋಯಿತು.

"ಮತ್ತ ಇವತ್ತಿನ ಪ್ರೋಗ್ರಾಮ್?" ಅಯಾಜ್ ಕೇಳಿದ. "ಗುರುಲಿಂಗಪ್ಪ ಸಾಹೇಬರೇ ಅಲ್ರಿ ಖಜಾಂಚಿ? ಅವರಪ್ಪನೇ ಹೋದ್ರ, ಕ್ಯಾನ್ಸಲ್ ಆಗ್ತದೇನೋ."

"ಆಗ್ಲಿ."

"ಹೊಸ ಅಂಗಿ ಹೊಲಿಸೀನ್ರಿ ಸರ," ಅಂದ ಅಯಾಜ್. ತನಗೇ ನಾಚಿಕೆಯಾಗಿ ಸ್ಕೂಟರಿಗೆ ಒದ್ದ.

ವರ್ತಕರ ಸಂಘದವರು ಅಂದು ಸ್ವಯಂಸೇವಕರಿಗೆ ಸನ್ಮಾನ ಇಟ್ಟುಕೊಂಡಿದ್ದರು. ಹೊಸ ಚೀಲ, ಹೊಸ ಜಾಕೆಟ್ಟು, ಎದೆ ಒತ್ತುವುದನ್ನು ಕಲಿಸಲು ಒಂದು ಪ್ಲಾಸ್ಟಿಕ್ ಗೊಂಬೆ. ಇಂಥವರಿಗೆ ಊರು ಬೆಂಬಲ ಕೊಡಬೇಕು ಎಂದು ಹದಿನೈದು ದಿನದಿಂದ ಎಲ್ಲರೂ ಹೇಳುತ್ತಿದ್ದರು. ಹೇಳುವಾಗೆಲ್ಲ ಸಂಗಮನಾಥನ ಬೆನ್ನು ತಾನೇ ನೆಟ್ಟಗಾಗುತ್ತಿತ್ತು.

ಅವನು ಜೂನಿಯರ್ ಕಾಲೇಜಿನಲ್ಲಿ ಸಸ್ಯಶಾಸ್ತ್ರ ಕಲಿಸುತ್ತಿದ್ದ. ಸ್ಟಾಫ್ ರೂಮಿಗೆ ಅವನು ಬಂದರೆ ಯಾರೂ ತಲೆಯೆತ್ತುತ್ತಿರಲಿಲ್ಲ, ಹೋದರೂ ಎತ್ತುತ್ತಿರಲಿಲ್ಲ. ಅದೇ ಕೆಂಪು ಚೀಲ ಹಿಡಿದು ಅಪಘಾತದ ಜಾಗಕ್ಕೆ ಹೋದರೆ, ಅಬ್ಬಾ, ಜನ ಎರಡಾಗಿ ಸೀಳಿಕೊಂಡು ದಾರಿ ಬಿಡುತ್ತಿದ್ದರು. "ಸರ ಬಂದ್ರು, ಸರಕೋರಿ, ಸರ ಬಂದ್ರು." ಸರಿಯಾಗಿ ನೋಡಿದರೆ ಅವನಿಗೆ ಜನರ ಮೇಲೆ ಅಂಥ ಪ್ರೀತಿ ಏನೂ ಇರಲಿಲ್ಲ. ಅವರು ದಾರಿ ಬಿಡುವುದರ ಮೇಲೆ ಪ್ರೀತಿ ಇತ್ತು. ಇದು ಅವನಿಗೂ ಗೊತ್ತಿತ್ತು, ಗೊತ್ತಿದ್ದೂ ನಡೆದಿತ್ತು.

ಮನೆಯಲ್ಲಿ ಮಲ್ಲೇಶ್ವರಿ ಹೊಸ್ತಿಲಲ್ಲೇ ತಡೆದಳು.

"ಯಾರರ ಹೋದ್ರೇನು?"

"ಅಯ್ಯಣ್ಣನವ್ರು."

"ಶಿವನೇ. ನಿಲ್ರಿ, ನೀರು ಇಡತೀನಿ. ಮೈ ತೊಳಕೊಂಡು ಒಳಗ ಬರ್ರಿ."

"ನಮ್ಮಲ್ಲಿ ಸೂತಕ ಇಲ್ಲ."

"ಇಲ್ಲರೀ, ಯಾರ್ ಅದ ಅಂದ್ರು? ಒಂದ್ ತಂಬಿಗಿ ಹಾಕ್ಕೊಂಡ್ರ ನಿಮ್ಮ ಗಂಟೇನ್ ಹೋಗ್ತದ?"

ಹಾಕಿಕೊಂಡ. ತಲೆ ಒರೆಸಿಕೊಳ್ಳುತ್ತ ನಿಂತಾಗ ಬೆರಳ ತುದಿ ಕಣ್ಣಿಗೆ ಬಿತ್ತು. ಆಗ ಆ ಯೋಚನೆ ಬಂತು. ಇಷ್ಟು ಸುಲಭದ ಪರೀಕ್ಷೆ ಮೊದಲೇ ಹೊಳೆಯಲಿಲ್ಲವಲ್ಲ ಅನಿಸಿತು.

ಹಿತ್ತಿಲ ಬಾಗಿಲಿನಿಂದ ಹೊರಬಿದ್ದು ಓಣಿಯ ತುದಿಯವರೆಗೆ ಓಡಿದ. ಲುಂಗಿ ಎತ್ತಿ ಕಟ್ಟಿಕೊಂಡು ಅಷ್ಟೇ ಜೋರಿನಲ್ಲಿ ವಾಪಸು ಓಡಿ ಬಂದ. ಏದುಸಿರು ಬಿಡುತ್ತ ಎರಡು ಬೆರಳು ಬಾಗಿಲ ಚೌಕಟ್ಟಿಗೆ ಒತ್ತಿದ. ಓಡಿದವನ ಬೆರಳು ತಾನಾಗಿ ಬಡಿಯುವುದೇ ನಿಜವಾದರೆ ಇಲ್ಲೂ ಬಡಿಯಬೇಕು. ಕಣ್ಣು ಮುಚ್ಚಿ ಕಾದ.

ಕಟ್ಟಿಗೆ ಕಟ್ಟಿಗೆಯಾಗಿಯೇ ಇತ್ತು.

ಬೆರಳು ಗಟ್ಟಿಯಾಗಿ ಒತ್ತಿದೆನೇನೋ. ಮತ್ತೆ ಓಡಿದ. ಈ ಸಲ ಮೆಲ್ಲಗೆ ಮುಟ್ಟಿದ. ಏನೂ ಇಲ್ಲ. ಗೋಡೆಗೆ ಮುಟ್ಟಿದ, ನೀರಿನ ಕೊಡಕ್ಕೆ ಮುಟ್ಟಿದ. ತನ್ನ ಎದೆ ಡವಡವ ಅನ್ನುತ್ತಿತ್ತು, ಬೆರಳು ಸುಮ್ಮನಿತ್ತು. ಹಾಗಾದರೆ ಮುಂಜಾನೆ ಬಡಿದದ್ದು ತನ್ನ ನಾಡಿಯಲ್ಲ.

"ಏನ್ ಮಾಡಾಕತ್ತೀರಿ?" ಮಲ್ಲೇಶ್ವರಿ ಇಸ್ತ್ರಿ ಮಾಡಿದ ಜುಬ್ಬ ಹಿಡಿದು ನಿಂತಿದ್ದಳು.

"ಏನಿಲ್ಲ."

"ಓಡಾಕತ್ತಿದ್ರಿ."

"ಏನಿಲ್ಲ ಅಂದೆ."

ಅವಳು ಜುಬ್ಬವನ್ನು ಕುರ್ಚಿಯ ಮೇಲೆ ಹಾಕಿ ಒಳಗೆ ಹೋದಳು. ಅವಳಿಗೆ ಹೇಳಬಹುದಿತ್ತು. ಹದಿನಾಲ್ಕು ವರ್ಷದ ಸಂಸಾರದಲ್ಲಿ ಅವಳಿಗೆ ಹೇಳಬಹುದಾಗಿದ್ದದ್ದು ಬಹಳ ಇತ್ತು. ಇದೂ ಅದರ ಜೊತೆಗೆ ಸೇರಿತು.

ಫೋನು ಬಂತು. ಚಂದಮ್ಮನ ಗಂಡ.

"ಸರ, ಗುರುಲಿಂಗಪ್ಪ ಮಾತಾಡಾಕತ್ತೀನಿ. ಯಾದಗಿರಿಗೆ ಹೋಗಿದ್ನಿ, ದಾರ್ಯಾಗಿದ್ದೀನಿ."

"ಭಾಳ ಕೆಟ್ಟದ್ದಾಯ್ತ್ರಿ."

"ಒಂದ್ ಮಾತ್ ಖರೇ ಹೇಳ್ರಿ. ನನ್ನ ಹೆಂಡ್ತಿ ಅಪ್ಪನ ಎದಿ ಒತ್ತ್ಯಾಳಂತ. ಎಲುಬು ಮುರದದಂತ. ಅದರಿಂದನೇ ಜೀವ ಹೋಯ್ತು ಅಂತ ನಮ್ಮ ಅತ್ತಿ ಹಟ ಹಿಡದಾಳ. ಮನ್ಯಾಗ ಎಲ್ಲಾ ಅದೇ ಅನ್ನಾಕತ್ತ್ಯಾರ. ನೀವು ತಿಳದವ್ರು. ನೀವ್ ಏನಂತೀರಿ ಅದೇ ನಾ ನಂಬತೀನಿ."

ಉತ್ತರ ಬಾಯಿಯಲ್ಲೇ ಇತ್ತು. ಆಕಿ ಮಾಡಿದ್ದು ಬರಾಬರ್ ಅದ, ನಿಮ್ಮ ಮನ್ಯಾಗ ಬರಾಬರ್ ಮಾಡಿದಾಕಿ ಆಕಿ ಒಬ್ಬಾಕಿನೇ. ಇಷ್ಟೇ. ಆದರೆ ಅದರ ಬೆನ್ನಿಗೇ ಇನ್ನೊಂದು ಪ್ರಶ್ನೆ ನಿಂತಿತ್ತು: ಹಂಗಾದ್ರ ನೀವ್ಯಾಕ ಒತ್ತಲಿಲ್ಲ? ಅದನ್ನು ಗುರುಲಿಂಗಪ್ಪ ಕೇಳಲಿಕ್ಕಿಲ್ಲ, ಕೇಳಲೂಬಹುದು.

"ಹಂಗ ಖಚಿತ ಹೇಳಾಕ ಬರಂಗಿಲ್ಲ ನೋಡ್ರಿ," ಅಂದ ಸಂಗಮನಾಥ. ತರಗತಿಯ ದನಿ. "ಪರೀಕ್ಷೆ ಇಲ್ದ ಏನೂ ಹೇಳಬಾರದು."

"ಅಂದ್ರ, ಆಗಿರಬಹುದು ಅಂತೀರಿ."

"ಹಂಗ ನಾ ಅಂದಿಲ್ಲ."

"ಆಗಿಲ್ಲ ಅಂತಲೂ ಅನ್ಲಿಲ್ಲ." ಗುರುಲಿಂಗಪ್ಪ ಉಸಿರು ಬಿಟ್ಟ. "ಇರ್ಲಿ ಬಿಡ್ರಿ. ಪ್ರೋಗ್ರಾಮ್ ನಿಲ್ಲಸಬ್ಯಾಡ್ರಿ ಅಂತ ಹೇಳೀನಿ. ಹಾರ ಬಂದಾವ, ಅಡಗಿ ಆಗ್ಯಾದ. ನೀವು ಇಷ್ಟ್ ಜಲ್ದಿ ಓಡಿ ಬಂದ್ರಲ್ಲ, ಅದೇ ದೊಡ್ಡದು."

ಊಟಕ್ಕೆ ಕೂತಾಗ ಮತ್ತೆ ಫೋನು. ಗೊತ್ತಿಲ್ಲದ ನಂಬರು. ದನಿ ಪಿಸುಮಾತಿನಂತಿತ್ತು.

"ಸರ, ನಾ ಚಂದಮ್ಮ. ಹಿತ್ತಲದಾಗಿಂದ ಮಾಡಾಕತ್ತೀನಿ. ನೀವು ಕೊಳ್ಳಿಗೆ ಕೈ ಇಟ್ರಿ. ಭಾಳ ಹೊತ್ತು ಇಟ್ರಿ. ಏನರ ಇತ್ತೇನ್ರಿ?"

ಮಲ್ಲೇಶ್ವರಿ ಪಲ್ಯ ಬಡಿಸುತ್ತಿದ್ದಳು. ಅವನು ರೊಟ್ಟಿ ಮುರಿದ.

"ನೀವು ಏನೂ ತಪ್ಪು ಮಾಡಿಲ್ಲಮ್ಮ."

"ಅದನ್ನ ನನಗ ಹೇಳಬ್ಯಾಡ್ರಿ. ಅವ್ರಿಗೆ ಹೇಳ್ರಿ."

"ಹೇಳೋಣ. ಸಮಯ ನೋಡಿ."

"ಮಣ್ಣಿಗೂ ಬರಬ್ಯಾಡ ಅಂದಾರ. ಸುರಪುರಕ್ಕ, ತವರಿಗೆ, ಇವತ್ತೇ ಕಳಸ್ತಾರಂತ. ಒಮ್ಮೆ ಹೋದ್ರ ಮತ್ತ ಕರಕೊಳ್ಳಂಗಿಲ್ಲ ಸರ, ಅವ್ರ ಮಂದಿ ನನಗ ಗೊತ್ತಿಲ್ಲೇನು. ನೀವೊಂದ್ ಮಾತ್ ಹೇಳಿದ್ರ ಸಾಕು. ನೀವೇ ಕಲಿಸಿದ್ರಿ ಅಂತ ಹೇಳ್ರಿ. ನನ್ನ ಮಾತು ಯಾರೂ..."

ಫೋನು ಕಟ್ಟಾಯಿತು. ಅವಳು ಇಟ್ಟಳೋ, ಯಾರಾದರೂ ಕಸಿದುಕೊಂಡರೋ.

"ಯಾರ್ರೀ?"

"ಕಾಲೇಜಿನವ್ರು."

"ಹೆಣ್ಣ್‌ದನಿ ಇತ್ತು."

"ಕಾಲೇಜಿನಾಗ ಹೆಣ್ಮಕ್ಕಳಿರಂಗಿಲ್ಲೇನು?"

ಮಲ್ಲೇಶ್ವರಿ ಇನ್ನೊಂದು ರೊಟ್ಟಿ ಬಡಿಸಿದಳು. ಪಲ್ಯ ಚೆನ್ನಾಗಿತ್ತು. ಅವನಿಗೆ ಹಸಿವೂ ಇತ್ತು, ಅದಕ್ಕೇ ಅಸಹ್ಯವಾಯಿತು.

ಮುಖ್ಯ ಅತಿಥಿಗಳು ಕಲಬುರಗಿಯಿಂದ ಬರಬೇಕಿತ್ತು. ಬರುವಷ್ಟರಲ್ಲಿ ಬಿಸಿಲು ಇಳಿಮುಖವಾಗಿತ್ತು. ಸಂಘದ ಸಭಾಂಗಣ ಮುಖ್ಯ ರಸ್ತೆಯ ಮೇಲೆಯೇ ಇದೆ. ಬಾಗಿಲು ತೆರೆದಿಟ್ಟರೆ ವೇದಿಕೆಯಿಂದ ರಸ್ತೆ ಪೂರ್ತಿ ಕಾಣುತ್ತದೆ. ಸೆಕೆಗೆ ಬಾಗಿಲು ತೆರೆದೇ ಇಟ್ಟಿದ್ದರು. ಮೊದಲು ಅಯ್ಯಣ್ಣನವರಿಗಾಗಿ ಎಲ್ಲರೂ ಎದ್ದು ನಿಂತು ಮೌನ ಆಚರಿಸಿದರು. ಮೌನದ ನಡುವೆ ಒಬ್ಬರ ಫೋನು ಹಾಡಿತು.

ಗೊಂಬೆಯನ್ನು ವೇದಿಕೆಯ ಮೇಲೊಂದು ಕುರ್ಚಿಯಲ್ಲಿ ಕೂಡಿಸಿದ್ದರು. ಕಾಲಿಲ್ಲದ, ಬರೀ ಎದೆ ತಲೆಯ ಗೊಂಬೆ.

"ಇದನ್ನ ಕೆಳಗ ಮಲಗಿಸಬೇಕಲ್ರಿ," ಅಂದ ಸಂಗಮನಾಥ.

"ಮಲಗಿಸಿದ್ರ ಹಿಂದಿನವ್ರಿಗೆ ಕಾಣಂಗಿಲ್ಲ," ಅಂದರು ಅಧ್ಯಕ್ಷರು. "ಫೋಟೋದಾಗೂ ಬರಬೇಕಲ್ಲ."

ಆದರೂ ಅವನು ಅದರ ಭುಜ ಹಿಡಿದು ಎಳೆದ, ಮೇಜಿನ ಮೇಲೆ ಅಂಗಾತ ಮಲಗಿಸಿದ, ಒತ್ತಿ ತೋರಿಸಿದ. ಎಷ್ಟು ಸಲೀಸಾಗಿ ಮಲಗಿತು! ಒತ್ತಿದಾಗೆಲ್ಲ ಗೊಂಬೆ ಟಿಕ್ ಟಿಕ್ ಎಂದು ಒಪ್ಪಿಕೊಂಡಿತು. ಜನ ಚಪ್ಪಾಳೆ ತಟ್ಟಿದರು. ಅವನು ಬೆವರು ಒರೆಸಿಕೊಂಡು ತನ್ನ ಜಾಗಕ್ಕೆ ಬಂದು ಕೂತ.

ಆಮೇಲೆ ಸನ್ಮಾನ. ಅಯಾಜನಿಗೆ ಮೊದಲು. ಹೊಸ ಅಂಗಿಯಲ್ಲಿ ಅವನು ಮದುಮಗನಂತೆ ತಲೆ ತಗ್ಗಿಸಿ ಹಾರ ಹಾಕಿಸಿಕೊಂಡ. "ಇನ್ನು ನಮ್ಮ ಜೀವದಾತರು," ಎಂದರು ಅಧ್ಯಕ್ಷರು ಮೈಕಿನಲ್ಲಿ, "ಕರೆದ ಕೂಡಲೇ ಓಡಿ ಬರುವವರು. ಇವತ್ತು ಮುಂಜಾನೆಯೂ ಓಡಿ ಬಂದವರು." ಸಂಗಮನಾಥನನ್ನು ಎತ್ತರದ ಬೆನ್ನಿನ ಕುರ್ಚಿಯಲ್ಲಿ ಕೂಡಿಸಿದರು. ಮಠದಿಂದ ಬಂದಿದ್ದ ಸ್ವಾಮಿಗಳು ಹಣೆಗೆ ವಿಭೂತಿ ಎಳೆದರು. ಹೆಗಲಿಗೆ ಶಾಲು, ತಲೆಗೆ ಪೇಟ, ಕುತ್ತಿಗೆಗೆ ಚೆಂಡು ಹೂವಿನ ಭಾರದ ಹಾರ. ತೊಡೆಯ ಮೇಲೆ ಹಣ್ಣಿನ ಬುಟ್ಟಿ ಇಟ್ಟು, ಎರಡೂ ಕೈಯನ್ನು ಅದರ ಮೇಲೆ ಇಟ್ಟುಕೊಳ್ಳಲು ಹೇಳಿದರು. ಮೈಕು ಕೈಗೆ ಸಿಗುವಷ್ಟು ಹತ್ತಿರದಲ್ಲೇ ಇತ್ತು.

ಆಗ ಹಲಗೆಯ ಸದ್ದು ಕೇಳಿತು. ಹಿಂದೆಯೇ ಭಜನೆಯ ತಾಳ.

ಸಭೆ ಕುರ್ಚಿಯಲ್ಲೇ ಹಿಂದಕ್ಕೆ ತಿರುಗಿತು. ಬಾಗಿಲಾಚೆ ಮೊದಲು ಗುರುಲಿಂಗಪ್ಪ ಕಂಡ, ಬರಿಗಾಲಲ್ಲಿ, ತಲೆಗೆ ಬಿಳಿ ವಸ್ತ್ರ ಕಟ್ಟಿಕೊಂಡು. ಅವನ ಹಿಂದೆ ಹೆಗಲುಗಳ ಮೇಲೆ ಹೂವಿನ ವಿಮಾನ. ಅದರೊಳಗೆ ಅಯ್ಯಣ್ಣನವರು ಕೂತಿದ್ದರು. ಶಾಲು, ಹಾರ, ವಿಭೂತಿ. ಹಣೆಯ ಸುತ್ತ ಬಿಳಿ ಪಟ್ಟಿ ಹಾಕಿ ತಲೆಯನ್ನು ಹಿಂದಿನ ಬೊಂಬಿಗೆ ಬಿಗಿದಿದ್ದರು. ವೇದಿಕೆಯೂ ವಿಮಾನವೂ ಒಂದೇ ಎತ್ತರದಲ್ಲಿದ್ದವು. ರಸ್ತೆಯಲ್ಲಿ ಯಾವುದೋ ಲಾರಿ ಅಡ್ಡ ಬಂದು ಮೆರವಣಿಗೆ ಅಲ್ಲೇ ನಿಂತಿತು. ಮುದುಕ ಬಾಗಿಲಿಗೆ ಮುಖ ಮಾಡಿ, ನಿಂತ ಹೆಗಲುಗಳ ಮೇಲೆ ಮೆಲ್ಲಗೆ ತೂಗುತ್ತಿದ್ದ.

ಮೆರವಣಿಗೆಯ ಬಾಲದಲ್ಲಿ ಒಂದು ಆಟೋ ಸಿಕ್ಕಿಹಾಕಿಕೊಂಡಿತ್ತು. ಸುರಪುರದ ರಸ್ತೆಗೆ ತಿರುಗಲು ಜಾಗ ಸಿಗದೆ ಹಾರನ್ ಹೊಡೆಯುತ್ತಿತ್ತು. ಒಳಗೆ ಚಂದಮ್ಮ. ಕಾಲ ಬಳಿ ಬಟ್ಟೆಯ ಗಂಟು. ಅವಳ ಕೈಗಳು ಮಡಿಲಲ್ಲಿ ಇನ್ನೂ ಹಾಗೆಯೇ ಇದ್ದವು, ಒಂದರ ಮೇಲೊಂದು, ಬೆರಳು ಹೆಣೆದು. ಅವಳು ಬಗ್ಗಿ ಸಭಾಂಗಣದೊಳಗೆ ನೋಡಿದಳು. ವೇದಿಕೆಯ ಮೇಲೆ ಅವನನ್ನು ಕಂಡಳು.

ಈಗ, ಅಂದುಕೊಂಡ ಸಂಗಮನಾಥ. ಮೈಕು ಇಲ್ಲೇ ಇದೆ, ಗುರುಲಿಂಗಪ್ಪ ಅಲ್ಲೇ ನಿಂತಿದ್ದಾನೆ, ಊರೇ ಇದೆ. ಬಡಿತ ಇತ್ತು. ನಾನು ಮುಟ್ಟಿದೆ. ಆಕೆ ಮಲಗಿಸಿದ್ದೇ ಸರಿ. ಮೂರು ಮಾತು. ಅವನ ಕಾಲಿಗೆ ಬಲ ಬಂತು, ಬುಟ್ಟಿ ಜರುಗಿ ಒಂದು ಸೇಬು ಉರುಳಿ ಕೆಳಗೆ ಬಿತ್ತು.

"ಏಳಬ್ಯಾಡ್ರಿ ಸರ, ಏಳಬ್ಯಾಡ್ರಿ!" ಫೋಟೋದವನು ಕೂಗಿದ. "ಹಿಂಗೇ ಕುಂದ್ರಿ. ಭಾಳ ಛಲೋ ಬರಾಕತ್ತದ."

ಅಧ್ಯಕ್ಷರು ಹೆಗಲ ಮೇಲೆ ಕೈ ಇಟ್ಟರು. ಒತ್ತಲಿಲ್ಲ, ಸುಮ್ಮನೆ ಇಟ್ಟರು. ಸಂಗಮನಾಥ ಕೂತ.

ಬೆರಳು ತಾನಾಗಿ ಅವನದೇ ಕುತ್ತಿಗೆಗೆ ಹೋಯಿತು. ಹಾರದ ಕೆಳಗೆ ತೂರಿಸಿ ಆ ಜಾಗ ಹುಡುಕಿದ. ಎಷ್ಟೋ ಜನರ ಕುತ್ತಿಗೆಯಲ್ಲಿ ಕಣ್ಣು ಮುಚ್ಚಿ ಹುಡುಕಿದ ಜಾಗ. ಒದ್ದೆ ಹೂವಿನ ತಂಪು ಸಿಕ್ಕಿತು. ಸ್ವಲ್ಪ ಮೇಲೆ, ಸ್ವಲ್ಪ ಕೆಳಗೆ. ಅಲ್ಲೂ ಹೂವೇ ಇತ್ತು.

ಹೊರಗೆ ಲಾರಿ ಸರಿಯಿತು. ವಿಮಾನ ಬಲಕ್ಕೆ ಹೊರಟಿತು, ಆಟೋ ಎಡಕ್ಕೆ ತಿರುಗಿತು. ಚಂದಮ್ಮನ ಮುಖ ಬಾಗಿಲ ಚೌಕಟ್ಟಿನಿಂದ ಜಾರಿಹೋಯಿತು. ತೆರವಾದ ಬಾಗಿಲಲ್ಲಿ ದೂರದ ಗುಡ್ಡ ಅಂಗಾತ ಮಲಗಿತ್ತು.

"ಕೈ ಕೆಳಗ ಇಡ್ರಿ ಸರ. ತಲಿ ವಾಲ್ಯಾದ."

ಫೋಟೋದವನು ವೇದಿಕೆ ಹತ್ತಿ ಬಂದ. ಕೈ ಹಿಡಿದು ಬುಟ್ಟಿಯ ಮೇಲಿಟ್ಟ. ಪೇಟ ಸರಿಮಾಡಿದ. ಗದ್ದದ ಕೆಳಗೆ ಎರಡು ಬೆರಳು ಕೊಟ್ಟು ಮೇಲಕ್ಕೆತ್ತಿದ.

"ಹಾಂ, ನೆಟ್ಟಗಿರಲಿ," ಅಂದ.

ಸಂಗಮನಾಥ ತಲೆಯನ್ನು ಅವನ ಕೈಗೆ ಬಿಟ್ಟುಕೊಟ್ಟ.